ಗಾಡಿ ನಮ್ಮದು, ಸಾರಥಿ ಯಾರು?

☸️ *ಇಂದಿನ ಧಮ್ಮ ಚಿಂತನೆ* ☸️



ನಮ್ಮ ಬಳಗದ ಯುವಕರು ಆಗಾಗ ಕೇಳುವ ಪ್ರಶ್ನೆಯೊಂದನ್ನು ಇಂದಿನ ಅಧ್ಯಯನಕ್ಕೆ ಎತ್ತಿಕೊಂಡಿದ್ದೇವೆ. "ಬೈಕ್ ಹತ್ತಿ ಹೈವೇಗೆ ಬಂದ್ರೆ ಸಾಕು, ಯಾರ ಹಂಗೂ ಇಲ್ಲ ಅನ್ಸುತ್ತೆ. ಇದು ಸ್ವಾತಂತ್ರ್ಯ ಅಲ್ವಾ? ಬುದ್ಧರು ಹೇಳಿದ ವಿಮುತ್ತಿಗೂ ಇದಕ್ಕೂ ಏನು ವ್ಯತ್ಯಾಸ?"

ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಮುಳಬಾಗಿಲಿನಲ್ಲಂತೂ ಇದನ್ನು ಕೇಳಲೇಬೇಕು. ನಮ್ಮ ಊರಿನ ಹೆಸರೇ ಮೂಡಲ ಬಾಗಿಲು. ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರು, ಕೋಲಾರ ದಾಟಿ ನಮ್ಮೂರಿನ ಮೇಲೆ ಹಾದು ನಂಗಲಿ ಕಡೆಯಿಂದ ಆಂಧ್ರಕ್ಕೆ ಹೋಗುತ್ತದೆ. ಬಾಗಿಲು ತೆರೆದಿದೆ, ರಸ್ತೆ ಇದೆ, ಕೈಯಲ್ಲಿ ಗಾಡಿಯ ಕೀ ಇದೆ. ಹಾಗಾದರೆ ನಾವು ಬಿಡುಗಡೆಯಾದೆವೇ?

*1. ಗಾಡಿಯ ಪ್ರಶ್ನೆ ನಮಗೆ ಮೋಜಿನ ಪ್ರಶ್ನೆಯಲ್ಲ*

ಬೈಕ್ ಸವಾರಿ ಕೆಲವರಿಗೆ ಹವ್ಯಾಸ. ನಮಗೆ ಅದರ ಹಿಂದೆ ಒಂದು ಚರಿತ್ರೆ ಇದೆ. ಬಾಬಾಸಾಹೇಬರ ಬದುಕಿನಲ್ಲಿ ಗಾಡಿಯ ಪ್ರಶ್ನೆ ಎರಡು ಸಲ ಕಠೋರವಾಗಿ ಎದುರಾಯಿತು. ಎರಡನ್ನೂ ಅವರು 'ವೈಟಿಂಗ್ ಫಾರ್ ಎ ವೀಸಾ' ಎಂಬ ಚಿಕ್ಕ ಬರಹದಲ್ಲಿ ದಾಖಲಿಸಿದ್ದಾರೆ.

ಮೊದಲನೆಯದು 1901ರ ಸುಮಾರಿಗೆ. ಬಾಲಕ ಭೀಮರಾವ್‌ಗೆ ಆಗ ಒಂಬತ್ತು ವರ್ಷ. ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದ ತಂದೆಯನ್ನು ನೋಡಲು ಮನೆಯ ಮಕ್ಕಳು ಹೊಸ ಬಟ್ಟೆ ತೊಟ್ಟು ರೈಲಿನಲ್ಲಿ ಹೊರಟರು. ಮಸೂರ್ ನಿಲ್ದಾಣದಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಮಕ್ಕಳು ಮಹಾರ್ ಜಾತಿಯವರು ಎಂದು ತಿಳಿಯುತ್ತಲೇ ಎತ್ತಿನ ಗಾಡಿಯವರು ಒಬ್ಬೊಬ್ಬರೇ ಹಿಂದೆ ಸರಿದರು. ಕೊನೆಗೆ ಒಂದು ಒಪ್ಪಂದವಾಯಿತು: ಬಾಡಿಗೆ ಎರಡರಷ್ಟು, ಗಾಡಿ ಹೊಡೆಯುವವರು ಮಕ್ಕಳೇ, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ಮಕ್ಕಳ ದುಡ್ಡಿಗೆ ಮೈಲಿಗೆ ಇರಲಿಲ್ಲ, ಮಕ್ಕಳಿಗೆ ಇತ್ತು. ಆ ಇಡೀ ರಾತ್ರಿ ಅವರಿಗೆ ಕುಡಿಯಲು ನೀರೂ ಸಿಗಲಿಲ್ಲ.

ಎರಡನೆಯದು 1929ರಲ್ಲಿ, ಚಾಳೀಸ್‌ಗಾಂವ್‌ನಲ್ಲಿ. ಅಷ್ಟರಲ್ಲಿ ಅವರು ಬ್ಯಾರಿಸ್ಟರ್. ಅಸ್ಪೃಶ್ಯರ ಕಷ್ಟಗಳ ವಿಚಾರಣೆಗೆ ಮುಂಬಯಿ ಸರ್ಕಾರ ನೇಮಿಸಿದ್ದ ಸಮಿತಿಯ ಸದಸ್ಯರು. ಅವರನ್ನು ಮಹಾರವಾಡಕ್ಕೆ ಕರೆದುಕೊಂಡು ಹೋಗಲು ಯಾವ ಟಾಂಗಾದವನೂ ಒಪ್ಪಲಿಲ್ಲ. ನಮ್ಮ ಜನ ಅತಿಥಿಯನ್ನು ನಡೆಸಿಕೊಂಡು ಹೋಗುವುದು ಮರ್ಯಾದೆಯಲ್ಲ ಎಂದುಕೊಂಡರು. ಟಾಂಗಾ ಮಾತ್ರ ಬಾಡಿಗೆಗೆ ತಂದು, ಎಂದೂ ಟಾಂಗಾ ಹೊಡೆಯದ ಒಬ್ಬರನ್ನು ಮುಂದೆ ಕೂರಿಸಿದರು. ದಾರಿಯಲ್ಲಿ ಒಂದು ಮೋಟಾರು ಕಾರಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು. ಮುಂದೆ ಸೇತುವೆಯ ಮೇಲೆ ಚಕ್ರ ಕಲ್ಲಿಗೆ ಸಿಕ್ಕಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕುದುರೆ ಮತ್ತು ಟಾಂಗಾ ಹೊಳೆಗೆ ಬಿದ್ದವು. ಅವರ ಕಾಲಿನ ಮೂಳೆ ಮುರಿಯಿತು.

ಈ ಎರಡನ್ನೂ ಓದಿದವರು, ತನ್ನದೇ ಗಾಡಿಯಲ್ಲಿ ಹೋಗುವ ನಮ್ಮ ಹುಡುಗನ ಸಂತೋಷವನ್ನು ಹಗುರವಾಗಿ ಕಾಣಲಾರರು. ಮೇಲ್ಜಾತಿ ಬೀದಿ ಬಂದಾಗ ಚಪ್ಪಲಿ ಕೈಗೆ ತೆಗೆದುಕೊಂಡು, ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋದ ಅಜ್ಜಂದಿರು ದಕ್ಷಿಣ ಭಾರತದ ಎಷ್ಟೋ ಹಳ್ಳಿಗಳಲ್ಲಿದ್ದರು. ಅಂಥ ಅಜ್ಜನ ಮೊಮ್ಮಗ ಇಳಿಯದೆ, ಯಾರ ಅಪ್ಪಣೆಯನ್ನೂ ಕೇಳದೆ ಅದೇ ಬೀದಿಯಲ್ಲಿ ಹೋಗುತ್ತಾನೆ. ಬೆಳಗ್ಗೆ ಡೇರಿಗೆ ಹಾಲು ಹಾಕಿ ನರಸಾಪುರದ ಶಿಫ್ಟಿಗೆ ಹೊರಡುತ್ತಾನೆ. ನರಸಾಪುರದಲ್ಲಿ 2013ರಿಂದ ಹೋಂಡಾ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆಯೇ ಇದೆ. ಗಾಡಿ ಕೊಡಲಾಗದು ಎನ್ನಿಸಿಕೊಂಡವರ ಮಕ್ಕಳು ಇವತ್ತು ಗಾಡಿ ಓಡಿಸುತ್ತಾರೆ, ತಯಾರೂ ಮಾಡುತ್ತಾರೆ. ಇದು ಸಣ್ಣ ಬದಲಾವಣೆಯಲ್ಲ. ಈ ಸ್ವಾತಂತ್ರ್ಯ ನಿಜ.

*2. ಅದು ನಿಜ ಎಂದು ನಮಗಿಂತ ಚೆನ್ನಾಗಿ ಬಲ್ಲವರಿದ್ದಾರೆ*

2025ರ ಫೆಬ್ರವರಿಯಲ್ಲಿ ತಮಿಳುನಾಡಿನ ಶಿವಗಂಗೆ ಜಿಲ್ಲೆಯಲ್ಲಿ ಒಬ್ಬ ದಲಿತ ಕಾಲೇಜು ವಿದ್ಯಾರ್ಥಿಯ ಕೈಗಳಿಗೆ ಕತ್ತಿಯೇಟು ಬಿತ್ತು. ಅವನು ಬುಲೆಟ್ ಓಡಿಸಿದ್ದೇ ಕಾರಣ ಎಂಬುದು ದೂರು. ಹ್ಯಾಂಡಲ್ ಹಿಡಿಯುವ ಕೈಗಳನ್ನೇ ಹೊಡೆದರು.

ಅಷ್ಟು ದೂರ ಹೋಗುವುದೂ ಬೇಡ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹದಿನೈದು ವರ್ಷದ ಹುಡುಗನೊಬ್ಬ ಉತ್ಸವದ ದೇವರ ಕೋಲು ಮುಟ್ಟಿದ. ಆ ಬಡ ಮನೆಗೆ 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರು ಬಿಡಿ ಎಂದರು. ವಿಷಯ ಹೊರಗೆ ಬಂದ ಮೇಲೆ ಪೊಲೀಸ್ ಕೇಸಾಯಿತು. ಆ ತಾಯಿ ಮನೆಯ ಗೋಡೆಯಿಂದ ದೇವರ ಪಟಗಳನ್ನು ಇಳಿಸಿ ಬಾಬಾಸಾಹೇಬರ ಪಟ ಹಾಕಿದರು.

ಈ ಎರಡು ಘಟನೆಗಳನ್ನು ಜೊತೆಯಲ್ಲಿಟ್ಟು ನೋಡಿ. ಒಂದರಲ್ಲಿ ಹೊಸ ಕಾಲದ ಯಂತ್ರ, ಇನ್ನೊಂದರಲ್ಲಿ ಹಳೆಯ ಕಾಲದ ಕೋಲು. ಎರಡರಲ್ಲೂ ಜಾತಿ ನೋಡಿದ್ದು ಕೈಯನ್ನು. ಗಾಡಿ ಬದಲಾಯಿತು, ರಸ್ತೆ ಅಗಲವಾಯಿತು, ರಸ್ತೆಯ ಬದಿಯಲ್ಲಿ ನಿಂತು ನೋಡುವ ಕಣ್ಣು ಹಾಗೇ ಇದೆ. ಹಾಗಾಗಿ ಬೈಕಿನ ಸ್ವಾತಂತ್ರ್ಯ ನಿಜವಾದರೂ ಸಾಲದು.

1954ರ ಅಕ್ಟೋಬರ್ 3ರ ಆಕಾಶವಾಣಿ ಭಾಷಣದಲ್ಲಿ ಬಾಬಾಸಾಹೇಬರು ಇದನ್ನೇ ವಿವರಿಸಿದರು. ಸ್ವಾತಂತ್ರ್ಯ, ಸಮಾನತೆ, ಸಹೋದರತೆ ಎಂಬ ಮೂರನ್ನು ತಾವು ಫ್ರೆಂಚ್ ಕ್ರಾಂತಿಯಿಂದಲ್ಲ, ಗುರು ಬುದ್ಧರಿಂದ ಪಡೆದದ್ದು ಎಂದರು. ಕಾನೂನು ಕಾವಲು ಕಾಯಬಹುದು, ಆದರೆ ಸ್ವಾತಂತ್ರ್ಯಕ್ಕೂ ಸಮಾನತೆಗೂ ನಿಜವಾದ ರಕ್ಷಣೆ ಸಹೋದರತೆ ಎಂಬುದು ಅವರ ತಿಳಿವಳಿಕೆ. ಅದನ್ನೇ ನಾವು ಮೈತ್ರಿ ಎನ್ನುತ್ತೇವೆ. ಮೈತ್ರಿ ಇಲ್ಲದ ಊರಿನಲ್ಲಿ ಸ್ವಾತಂತ್ರ್ಯ ಪೆಟ್ರೋಲ್ ಇರುವಷ್ಟು ದೂರ ಮಾತ್ರ.

*3. ಆ ಸಮಯದಲ್ಲಿ ಮನಸ್ಸಿನಲ್ಲಿ ಏನಾಗುತ್ತದೆ?*

ಈಗ ಪ್ರಶ್ನೆಯ ಒಳಗಿನ ಭಾಗಕ್ಕೆ ಬರೋಣ. ಗಾಡಿ ಓಡಿಸುವಾಗ ಮನಸ್ಸು ಹಗುರವಾಗುವುದು ಸುಳ್ಳೇ? ಅಲ್ಲ. ಅಮೆರಿಕದ ಯುಸಿಎಲ್‌ಎ ಸಂಶೋಧಕರು ಸವಾರರ ಮೆದುಳು ಮತ್ತು ಹಾರ್ಮೋನುಗಳನ್ನು ಪರೀಕ್ಷಿಸಿ, ಸುಮಾರು ಇಪ್ಪತ್ತು ನಿಮಿಷದ ಸವಾರಿಯಲ್ಲಿ ಒತ್ತಡದ ಗುರುತುಗಳು 28 ಪ್ರತಿಶತದಷ್ಟು ಇಳಿದವು ಎಂದು ವರದಿ ಮಾಡಿದರು. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಹಾರ್ಲೆ ಡೇವಿಡ್‌ಸನ್ ಬೈಕ್ ಕಂಪನಿ ಎಂಬುದನ್ನೂ ನೆನಪಿನಲ್ಲಿಡಿ. ಆದರೂ ಅನುಭವ ನಮಗೆಲ್ಲ ಗೊತ್ತಿರುವುದೇ. ರಸ್ತೆಯ ಮೇಲೆ ಗಮನ ಇಡಲೇಬೇಕಾದಾಗ ಮೇಸ್ತ್ರಿಯ ಬೈಗುಳ, ಮನೆಯ ಚಿಂತೆ, ನಾಳೆಯ ಭಯ ಸ್ವಲ್ಪ ಹೊತ್ತು ಹಿಂದೆ ಸರಿಯುತ್ತವೆ.

ಇದನ್ನು ಧಮ್ಮದ ಮಾತಿನಲ್ಲಿ ಸುಖ ವೇದನೆ ಎನ್ನುತ್ತಾರೆ. ಅದರಲ್ಲಿ ಪಾಪವಿಲ್ಲ. ಆದರೆ ವೇದನೆಯ ಗುಣವೇ ಹುಟ್ಟಿ ಅಳಿಯುವುದು. ಕೀ ತಿರುಗಿಸಿದಾಗ ಬಂದದ್ದು ಕೀ ತೆಗೆದಾಗ ಹೋಗುತ್ತದೆ. ಮನೆಯ ಮುಂದೆ ಸ್ಟ್ಯಾಂಡ್ ಹಾಕಿದ ಕೂಡಲೇ ಬಿಟ್ಟು ಬಂದ ಚಿಂತೆ ಅಲ್ಲೇ ಕಾಯುತ್ತಿರುತ್ತದೆ. ಮತ್ತೆ ಆ ಹಗುರತನ ಬೇಕೆಂದರೆ ಮತ್ತೆ ಹೊರಡಬೇಕು, ಸ್ವಲ್ಪ ದಿನದ ಮೇಲೆ ಇನ್ನೂ ಜೋರಾಗಿ ಹೋಗಬೇಕು, ಆಮೇಲೆ ಇನ್ನೂ ದೊಡ್ಡ ಗಾಡಿ ಬೇಕು. ಇದೇ ತಣ್ಹಾ, ತೃಷ್ಣೆ.

ವಿಮುತ್ತಿಯ ಪರೀಕ್ಷೆ ಬೇರೆ. ರಾಗ, ದ್ವೇಷ, ಮೋಹಗಳ ಹಿಡಿತ ಎಷ್ಟು ಸಡಿಲವಾಯಿತು ಎಂಬುದು ಅಲ್ಲಿನ ಅಳತೆ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ನಿಬ್ಬಾಣವನ್ನು ಸತ್ತ ಮೇಲಿನ ಲೋಕಕ್ಕೆ ಕಳಿಸಲಿಲ್ಲ. ಬದುಕಿರುವಾಗಲೇ ವಿಕಾರಗಳನ್ನು ಹತೋಟಿಯಲ್ಲಿಟ್ಟು ಸನ್ಮಾರ್ಗದಲ್ಲಿ ನಡೆಯುವುದು ಅದು ಎಂದು ತಿಳಿಸಿದರು. ಗಾಡಿ ನಿಂತ ಮೇಲೂ ಉಳಿಯುವುದು ಯಾವುದೋ ಅದನ್ನು ಬಿಡುಗಡೆ ಎನ್ನೋಣ.

*4. ಕಂತಿನ ಸ್ವಾತಂತ್ರ್ಯ*

ಬುದ್ಧರು ಗೃಹಸ್ಥರ ಸುಖವನ್ನು ಅಲ್ಲಗಳೆದವರಲ್ಲ. ಅಂಗುತ್ತರ ನಿಕಾಯದಲ್ಲಿ ಅನಾಥಪಿಂಡಿಕನಿಗೆ ನಾಲ್ಕು ಸುಖಗಳನ್ನು ವಿವರಿಸುತ್ತಾರೆ. ನ್ಯಾಯವಾಗಿ ದುಡಿದದ್ದು ಇದೆ ಎಂಬ ಸುಖ. ಅದನ್ನು ಅನುಭವಿಸುವ ಸುಖ. ಯಾರಿಗೂ ಸಾಲ ಕೊಡಬೇಕಿಲ್ಲ ಎಂಬ ಸುಖ. ನಡತೆಯಲ್ಲಿ ಕಳಂಕವಿಲ್ಲ ಎಂಬ ಸುಖ. ಮೊದಲ ಮೂರೂ ಸೇರಿದರೂ ನಾಲ್ಕನೆಯದರ ಹದಿನಾರನೇ ಒಂದು ಪಾಲಿಗೆ ಸಮನಾಗವು ಎನ್ನುತ್ತಾರೆ.

ದುಡಿದು ಗಾಡಿ ತೆಗೆದುಕೊಂಡು ಓಡಿಸುವುದು ಈ ಎರಡನೇ ಸುಖಕ್ಕೆ ಸೇರುತ್ತದೆ. ಅದಕ್ಕೆ ಧಮ್ಮದ ಒಪ್ಪಿಗೆ ಇದೆ. ಆದರೆ ಎರಡನೆಯದಕ್ಕಾಗಿ ಮೂರನೆಯದನ್ನು ಮಾರಿದರೆ ಏನಾಯಿತು? ಕೆಲಸಕ್ಕೆ ಹೋಗಲು ನೂರು ಸಿಸಿ ಗಾಡಿ ಸಾಕಾಗಿದ್ದರೂ ಗೆಳೆಯನ ಹತ್ತಿರ ಇದೆ ಎಂದು ಎರಡರಷ್ಟು ಬೆಲೆಯದನ್ನು ಫೈನಾನ್ಸ್‌ನಲ್ಲಿ ಎತ್ತಿದರೆ, ತಿಂಗಳ ಕಂತು ಬರುವ ದಿನ ಎದೆ ಹೊಡೆದುಕೊಳ್ಳುತ್ತದೆ. ಎರಡು ಕಂತು ತಪ್ಪಿದರೆ ಗಾಡಿ ಎಳೆದುಕೊಂಡು ಹೋಗುವವರು ಮನೆಯ ಮುಂದೆ ನಿಲ್ಲುತ್ತಾರೆ. ಅಜ್ಜ ಸಾಹುಕಾರನ ಜೀತ ಮಾಡಿದ, ಮೊಮ್ಮಗ ಕಂತಿನ ಜೀತ ಮಾಡಬೇಕೆ? ಹಂಗಿಲ್ಲದ ಸವಾರಿ ಬೇಕು ಎನ್ನುವವರು ಮೊದಲು ಲೆಕ್ಕದ ಪುಸ್ತಕದಲ್ಲಿ ಹಂಗು ಕಡಿಮೆ ಮಾಡಿಕೊಳ್ಳಬೇಕು.

*5. ಚಾಳೀಸ್‌ಗಾಂವ್‌ನ ಎರಡನೇ ಪಾಠ*

ಟಾಂಗಾದ ಘಟನೆಗೆ ಮತ್ತೆ ಬರೋಣ. ಅದರಲ್ಲಿ ಟಾಂಗಾದವರ ಜಾತಿಯನ್ನು ನಾವೆಲ್ಲ ಗುರುತಿಸುತ್ತೇವೆ. ಬಾಬಾಸಾಹೇಬರು ಇನ್ನೊಂದನ್ನೂ ಗುರುತಿಸಿದರು. ತಮ್ಮ ಮರ್ಯಾದೆ ಕಾಪಾಡಲು ಹೋಗಿ ತಮ್ಮ ಜನ ತಮ್ಮ ಪ್ರಾಣವನ್ನೇ ಅಪಾಯಕ್ಕೊಡ್ಡಿದರು ಎಂದು ಬರೆದರು. ಪ್ರೀತಿಯಿಂದಲೇ ಮಾಡಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೂ ಕಾಲು ಮುರಿಯಿತು. ಗಾಡಿ ಇದ್ದರೆ ಸಾಲದು, ಸಾರಥ್ಯ ಗೊತ್ತಿರಬೇಕು. ಮರ್ಯಾದೆಯ ಹೆಸರಿನಲ್ಲಿ ಜೀವವನ್ನು ಪಣಕ್ಕಿಡಬಾರದು.

ಈ ಪಾಠವನ್ನು ಏಪ್ರಿಲ್ 14ರ ಬೈಕ್ ಜಾಥಾಗಳಿಗೆ ಹಿಡಿದು ನೋಡಿ. ನೀಲಿ ಬಾವುಟ ಕಟ್ಟಿದ ಗಾಡಿಗಳ ಸಾಲು ಕಂಡಾಗ ಎದೆ ತುಂಬುತ್ತದೆ. ನಾವೂ ಇದ್ದೇವೆ, ಈ ರಸ್ತೆ ನಮ್ಮದೂ ಹೌದು ಎಂದು ಸಾರುವುದು ಅಗತ್ಯ. ಆದರೆ ಹೆಲ್ಮೆಟ್ ಇಲ್ಲದೆ ಮೂವರು ಕೂತು, ಸೈಲೆನ್ಸರ್ ಕಿತ್ತು, ಕೆಲವರು ಕುಡಿದು ಬಾಬಾಸಾಹೇಬರ ಪಟ ಹಿಡಿದು ಹೋದರೆ, ಅದು ಚಾಳೀಸ್‌ಗಾಂವ್‌ನ ಟಾಂಗಾವೇ. ಪ್ರೀತಿ ಇದೆ, ಸಾರಥಿ ಇಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 44.5 ಪ್ರತಿಶತ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಹಾಕದೆ ಸತ್ತವರು 50,029. ಈ ಲೆಕ್ಕ ಕೇಂದ್ರ ಸಾರಿಗೆ ಇಲಾಖೆಯದು. ದುಡಿಯುವ ಒಬ್ಬ ಹುಡುಗ ಹೋದರೆ ನಮ್ಮ ಮನೆಗಳಲ್ಲಿ ಎರಡು ತಲೆಮಾರು ಹಿಂದಕ್ಕೆ ಬೀಳುತ್ತದೆ.

1983ರಲ್ಲಿ ಕಾನ್ಶಿರಾಮ್ ಅವರು ಡಿಎಸ್-4 ಸಂಗಾತಿಗಳೊಂದಿಗೆ ಸೈಕಲ್ ತುಳಿದು ರಾಜ್ಯದಿಂದ ರಾಜ್ಯಕ್ಕೆ ಹೋದರು. ಅವರದೂ ಎರಡು ಚಕ್ರದ ಜಾಥಾ. ವೇಗ ಇರಲಿಲ್ಲ, ಸದ್ದು ಇರಲಿಲ್ಲ. ದಾರಿಯಲ್ಲಿ ನಿಂತು ಜನರೊಂದಿಗೆ ಮಾತನಾಡಿದರು, ಅದು ಉಳಿಯಿತು.

ಕುಡಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಂಚಶೀಲದ ಐದನೆಯದು ಅದೇ, ನಾಗಪುರದ 22 ಪ್ರತಿಜ್ಞೆಗಳಲ್ಲೂ ಅದು ಇದೆ. ಇನ್ನು ಸಿಟ್ಟು. ಯಾರೋ ಓವರ್‌ಟೇಕ್ ಮಾಡಿದ, ಯಾರೋ ಗುರಾಯಿಸಿದ, ತಕ್ಷಣ ಕೈ ತಾನಾಗಿ ಎಕ್ಸಿಲೇಟರ್ ತಿರುಗಿಸುತ್ತದೆ. ಆಗ ಗಾಡಿ ಓಡಿಸುತ್ತಿರುವುದು ನೀವಲ್ಲ, ಎದುರಿನವನು. ಧಮ್ಮಪದದ ಕೋಧವಗ್ಗದಲ್ಲಿ ಸಾರಥಿಯ ಹೋಲಿಕೆ ಬರುವುದು ಇಲ್ಲಿಯೇ. ಮೇಲೇಳುವ ಸಿಟ್ಟನ್ನು ತಡೆಯಬಲ್ಲವನನ್ನು ಮಾತ್ರ ಬುದ್ಧರು ಸಾರಥಿ ಎಂದು ಒಪ್ಪುತ್ತಾರೆ. ಮಿಕ್ಕವರ ಕೈಯಲ್ಲಿ ಬರೀ ಹಗ್ಗವಿದೆ ಎಂಬುದು ಅವರ ಅಭಿಪ್ರಾಯ. ನಮ್ಮ ಕಾಲಕ್ಕೆ ಹಗ್ಗದ ಬದಲು ಹ್ಯಾಂಡಲ್ ಎಂದು ತಿಳಿಯಬಹುದು.

*6. ಬುದ್ಧರು ತೋರಿಸಿದ ಗಾಡಿ*

ಸಂಯುತ್ತ ನಿಕಾಯದ ಅಚ್ಛರಾ ಸುತ್ತದಲ್ಲಿ ಒಂದು ರಥದ ವರ್ಣನೆ ಇದೆ. ಇಂದಿನ ಪ್ರಶ್ನೆಗೆ ಉತ್ತರ ಅಲ್ಲಿದೆ.

🔹 ಅದರ ದಾರಿ ನೇರ. ಅದು ಹೋಗುವ ದಿಕ್ಕಿನ ಹೆಸರು ಅಭಯ. ನಾವು ಕೇಳಿಕೊಳ್ಳಬೇಕಾದ್ದು: ನನ್ನ ಗಾಡಿ ಭಯದಿಂದ ದೂರ ಒಯ್ಯುತ್ತಿದೆಯೇ, ಅಥವಾ ಭಯ ಮರೆಸುತ್ತಿದೆಯೇ?

🔹 ಅದು ಸದ್ದು ಮಾಡದ ರಥ. ಕಿವಿ ಕಿತ್ತುಹೋಗುವ ಸೈಲೆನ್ಸರ್ ಹಾಕಿದವನು "ನನ್ನನ್ನು ನೋಡಿ" ಎಂದು ಕೂಗುತ್ತಿದ್ದಾನೆ. ನೋಡುವವರು ಇರಲೇಬೇಕೆನ್ನುವವನು ನೋಡುವವರ ಅಧೀನ. ಬಿಡುಗಡೆಯಾದವನಿಗೆ ಪ್ರೇಕ್ಷಕರು ಬೇಕಿಲ್ಲ.

🔹 ಹಿರಿ, ಅಂದರೆ ತಪ್ಪಿಗೆ ನಾಚುವ ಗುಣ, ಬೀಳದಂತೆ ತಡೆಯುವ ಒರಗು. ಸತಿ, ಅಂದರೆ ಎಚ್ಚರ, ಅದರ ಹೊದಿಕೆ. ಧಮ್ಮವೇ ಸಾರಥಿ. ಸಮ್ಮಾದಿಟ್ಠಿ ಮುಂದೆ ಮುಂದೆ ಓಡುತ್ತದೆ, ನಮ್ಮ ಗಾಡಿಯ ಹೆಡ್‌ಲೈಟಿನ ಬೆಳಕಿನ ಹಾಗೆ.

🔹 ಈ ರಥ ಯಾರಲ್ಲಿದೆಯೋ ಅವರು ಹೆಣ್ಣಾಗಲಿ ಗಂಡಾಗಲಿ ನಿಬ್ಬಾಣದ ಹತ್ತಿರ ತಲುಪುತ್ತಾರೆ ಎಂದು ಸುತ್ತ ಮುಗಿಯುತ್ತದೆ. ಎರಡೂವರೆ ಸಾವಿರ ವರ್ಷದ ಹಿಂದೆಯೇ ಹೆಣ್ಣನ್ನು ರಥದ ಒಡತಿ ಎಂದು ಕಂಡ ಧಮ್ಮ ನಮ್ಮದು. ನಮ್ಮ ಮನೆಗಳಲ್ಲಿ ಹೇಗಿದೆ? ಮಗನಿಗೆ ಬೈಕು, ಮಗಳಿಗೆ ಹಿಂದಿನ ಸೀಟು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದಾಗ, ಸಂಚಾರವೂ ಒಂದು ಸ್ವಾತಂತ್ರ್ಯ ಎಂದು ಅನೇಕ ತಾಯಂದಿರು ಮೊದಲ ಸಲ ಅನುಭವಿಸಿದರು. ಅದೇ ಅರಿವು ಮನೆಯೊಳಗೂ ಬರಬೇಕು. ಕೀ ಮಗಳ ಕೈಗೂ ಸಿಗಲಿ. "ಎಲ್ಲಿಗೆ ಹೋಗ್ತೀಯ" ಎಂಬ ಪ್ರಶ್ನೆ ಇಬ್ಬರಿಗೂ ಒಂದೇ ಧ್ವನಿಯಲ್ಲಿರಲಿ.

*7. ನಿಂಬೆಹಣ್ಣಿನ ವಿಚಾರ*

ಹೊಸ ಗಾಡಿ ತಂದ ಮನೆಗಳಲ್ಲಿ ಏಳುವ ಇನ್ನೊಂದು ಮಾತು ಇದು. "ದೀಕ್ಷೆ ತಗೊಂಡಿದ್ದೀವಿ ಸರಿ, ಆದ್ರೂ ಒಂದು ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟುಬಿಡಪ್ಪ" ಎನ್ನುತ್ತಾರೆ ಅಮ್ಮ. ಆಯುಧ ಪೂಜೆಯ ದಿನ ಈ ಮಾತು ಇನ್ನೂ ಜೋರು. ಅಮ್ಮನೊಂದಿಗೆ ಜಗಳ ಬೇಡ. ನಿಂಬೆಹಣ್ಣಿನ ಹಿಂದೆ ಇರುವುದು ಮಗ ಸಾಯಂಕಾಲ ಮನೆಗೆ ಬರಬೇಕು ಎಂಬ ಭಯ. ಆ ಭಯ ಸುಳ್ಳಲ್ಲ, ಅದಕ್ಕೆ ಕೊಟ್ಟ ಔಷಧಿ ಮಾತ್ರ ಸುಳ್ಳು. ಸರಿಯಾದ ಔಷಧಿ ಕೊಡಿ. ಅಮ್ಮನ ಎದುರಿಗೇ ಬ್ರೇಕು ನೋಡಿ, ಟೈರಿನ ಗಾಳಿ ನೋಡಿ, ಇನ್ಶೂರೆನ್ಸ್ ಕಾಗದ ತೋರಿಸಿ, ಎರಡು ಹೆಲ್ಮೆಟ್ ತಂದಿಡಿ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತ್ರಿಶರಣ, ಪಂಚಶೀಲ ಹೇಳಿ. ಐದನೇ ಶೀಲ ಹೇಳುವಾಗ ಅವರ ಮುಖ ನೋಡಿ. ಯಾವ ನಿಂಬೆಹಣ್ಣೂ ಕೊಡದ ಧೈರ್ಯ ಅವರಿಗೆ ಬರುತ್ತದೆ.

1956ರ ಅಕ್ಟೋಬರ್ 14 ವಿಜಯದಶಮಿಯ ದಿನ. ನಾಡಿನ ಜನ ಆಯುಧ, ಚಕ್ರಗಳಿಗೆ ಪೂಜೆ ಮಾಡಿ ಮುಗಿಸಿದ ಮಾರನೇ ದಿನ ನಾಗಪುರದಲ್ಲಿ ಲಕ್ಷಾಂತರ ಜನರ ಮುಂದೆ ಬಾಬಾಸಾಹೇಬರು ಧಮ್ಮಚಕ್ರ ತಿರುಗಿಸಿದರು. ಚಕ್ರಕ್ಕೆ ಕುಂಕುಮ ಹಚ್ಚಿದರೆ ಅದು ನಿಂತೇ ಇರುತ್ತದೆ, ತಿರುಗಿಸಿದವರಿಗೆ ದಾರಿ ಸಾಗುತ್ತದೆ.

*8. ಕಂಥಕನನ್ನು ನೆನೆಯೋಣ*

ಸಿದ್ಧಾರ್ಥ ಮನೆ ಬಿಟ್ಟು ಹೊರಟದ್ದೂ ಸವಾರಿಯಲ್ಲೇ. ಕಂಥಕ ಎಂಬುದು ಅವರ ಪ್ರೀತಿಯ ಕುದುರೆ. ಕುದುರೆ ಅವರನ್ನು ಕಪಿಲವಸ್ತುವಿನಿಂದ ಹೊರಗೆ ತಂದಿತು, ಆ ಉಪಕಾರ ದೊಡ್ಡದು. ಆಮೇಲೆ ಅವರು ಅದನ್ನು ಚನ್ನನ ಜೊತೆ ಹಿಂದಕ್ಕೆ ಕಳಿಸಿದರು. ಜ್ಞಾನೋದಯದ ಮೇಲೆ ನಲವತ್ತೈದು ವರ್ಷ ಊರಿಂದ ಊರಿಗೆ ಕಾಲ್ನಡಿಗೆಯಲ್ಲಿ ಸುತ್ತಿದರು. ಕುದುರೆ ಕೋಟೆಯಿಂದ ಹೊರಗೆ ತರಬಲ್ಲದು. ದುಃಖದಿಂದ ಹೊರಗೆ ಬರಲು ತಾವೇ ನಡೆಯಬೇಕಾಯಿತು.

ಬೈಕ್ ನಮ್ಮ ಕಂಥಕ. ಅದು ನಮ್ಮನ್ನು ಹಟ್ಟಿಯಿಂದ ಶಾಲೆಗೆ, ಕಾಲೇಜಿಗೆ, ಕೆಲಸಕ್ಕೆ, ಆಸ್ಪತ್ರೆಗೆ, ವಿಹಾರಕ್ಕೆ ತಲುಪಿಸಲಿ. ಅದನ್ನು ಕೀಳಾಗಿ ಕಾಣುವುದೂ ಬೇಡ, ಅದರ ಮೇಲೆಯೇ ಬಿಡುಗಡೆ ಇದೆ ಎಂದು ನಂಬುವುದೂ ಬೇಡ. ಇದು ಮಧ್ಯಮ ಮಾರ್ಗ. ಯಾರ ಅಪ್ಪಣೆಯೂ ಇಲ್ಲದೆ ಹೋಗಬಲ್ಲೆ ಎಂಬುದು ಸ್ವಾತಂತ್ರ್ಯದ ಮೊದಲ ಮೆಟ್ಟಿಲು. ಸಿಟ್ಟಿನ, ಕುಡಿತದ, ಸಾಲದ, ನೋಡುವವರ ಅಪ್ಪಣೆಯೂ ನನ್ನ ಮೇಲೆ ನಡೆಯದು ಎಂಬುದು ಮುಂದಿನ ಮೆಟ್ಟಿಲು. ನನ್ನಂತೆಯೇ ಎಲ್ಲರೂ ನಿರ್ಭಯವಾಗಿ ಓಡಾಡಲಿ ಎಂದು ದುಡಿಯುವುದು ಅದಕ್ಕೂ ಮುಂದಿನದು.

📘 *ಇಂದಿನ ಅಭ್ಯಾಸ*

1. ಇವತ್ತು ಗಾಡಿ ಸ್ಟಾರ್ಟ್ ಮಾಡುವ ಮೊದಲು ಮೂರು ಉಸಿರು ಗಮನಿಸಿ. ಹೆಲ್ಮೆಟ್ ಪಟ್ಟಿ ಬಿಗಿಯುವಾಗ "ಎಚ್ಚರದಿಂದ ಹೋಗುತ್ತೇನೆ" ಎಂದುಕೊಳ್ಳಿ.
2. ದಾರಿಯಲ್ಲಿ ಯಾರ ಮೇಲಾದರೂ ಸಿಟ್ಟು ಬಂದರೆ ವೇಗ ಇಳಿಸಿ. ಆ ಕ್ಷಣ ಸಾರಥಿ ಯಾರು ಎಂದು ಕೇಳಿಕೊಳ್ಳಿ.
3. ನಡೆದು ಹೋಗುತ್ತಿರುವ ಒಬ್ಬರಿಗಾದರೂ, ಯಾವ ಜಾತಿಯವರಾದರೂ ಸರಿ, ಲಿಫ್ಟ್ ಕೊಡಿ. ಬಾಬಾಸಾಹೇಬರಿಗೆ ಗಾಡಿ ಸಿಗದ ದಾರಿಗಳಿಗೆ ನಮ್ಮ ಉತ್ತರ ಅದು.
4. ಮನೆಯಲ್ಲಿ ಗಾಡಿ ಕಲಿಯಬೇಕೆಂದಿರುವ ತಂಗಿ, ಮಗಳು, ಹೆಂಡತಿ ಇದ್ದರೆ ಈ ಭಾನುವಾರ ಮೈದಾನಕ್ಕೆ ಕರೆದುಕೊಂಡು ಹೋಗಿ.

ಓದಿ, ಮನೆಯಲ್ಲಿ ಚರ್ಚಿಸಿ, ಇತರ ಬಂಧುಗಳಿಗೂ ಕಳಿಸಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು 🙏

ಜೈಭೀಮ್ 💙 ನಮೋ ಬುದ್ಧಾಯ ☸️
_ಧಮ್ಮ ಅಧ್ಯಯನ ಬಳಗ, ಮುಳಬಾಗಿಲು_